ಮಡ್ಡಿಯಿಂದ ತಿಳಿ ಇಂಧನ

ಭೀಮನಬೀಡಿನ ಹೊಲಗಳನ್ನು ಉಳುವ ಟ್ರಾಕ್ಟರಿಗೂ, ಅಲ್ಲಿ ಬೆಳೆದ ತರಕಾರಿಯನ್ನು ಗುಂಡ್ಲುಪೇಟೆಯ ಮಾರುಕಟ್ಟೆಗೆ ಸಾಗಿಸುವ ಲಾರಿಗೂ ಬೇಕಾದುದು ಡೀಸೆಲ್. ಅದು ತೆಳುವಾದ, ತಿಳಿಯಾದ ದ್ರವ. ಆ ಲಾರಿ ಓಡುವ ರಸ್ತೆಗೆ ಹಾಸಿದ ಡಾಂಬರಾದರೋ ಕಡುಗಪ್ಪು. ಕಾಯಿಸಿದ ಹೊರತು ಹರಿಯದು. ನೋಟಕ್ಕೆ ಇಷ್ಟು ಭಿನ್ನವಾದ ಈ ಎರಡು ವಸ್ತುಗಳೂ ಒಂದೇ ತಾಯಿಯ ಮಕ್ಕಳು. ನೆಲದಾಳದಿಂದ ತೆಗೆದ ಕಚ್ಚಾ ಎಣ್ಣೆಯನ್ನು ಬಟ್ಟಿ ಇಳಿಸಿದಾಗ ಮೊದಲು ಅನಿಲಗಳು, ಅನಂತರ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್‌ಗಳು ಒಂದರ ಹಿಂದೊಂದು ಆವಿಯಾಗಿ ಬೇರ್ಪಡುತ್ತವೆ. ಕೊನೆಗೆ ತಳದಲ್ಲಿ ಉಳಿಯುವುದು ಮಡ್ಡಿ. ಡಾಂಬರು ಈ ಮಡ್ಡಿಯ ಒಂದು ಅಂಶ.

ಮಡ್ಡಿಯ ಪ್ರಮಾಣ ಅಲ್ಪವಾಗಿದ್ದರೆ ಚಿಂತೆಯಿರಲಿಲ್ಲ. ಆದರೆ ಅನೇಕ ಬಗೆಯ ಕಚ್ಚಾ ಎಣ್ಣೆಗಳಲ್ಲಿ ಅರ್ಧದ ಆಸುಪಾಸಿನಷ್ಟು ಭಾಗ 350 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದರೂ ಆವಿಯಾಗುವುದಿಲ್ಲ. ನಮ್ಮ ದೇಶ ತನಗೆ ಬೇಕಾದ ಕಚ್ಚಾ ಎಣ್ಣೆಯ ಬಹುಪಾಲನ್ನು ಹೊರದೇಶಗಳಿಂದ ಕೊಂಡು ತರುತ್ತದೆ. ಹಣ ತೆತ್ತು ಹಡಗಿನಲ್ಲಿ ತರಿಸಿದ ಎಣ್ಣೆಯ ಅರ್ಧ ಭಾಗ ಎಂಜಿನಿಗೆ ಬಾರದಂತಾದರೆ ಗತಿಯೇನು? ಈ ಭಾರವಾದ ಎಣ್ಣೆಯನ್ನು ಹಗುರವಾದ ಇಂಧನವನ್ನಾಗಿ ಮಾಡುವ ವಿದ್ಯೆ ಇಂದಿನ ತೈಲೋದ್ಯಮದ ಜೀವಾಳ. ಆ ವಿದ್ಯೆಯ ಕೇಂದ್ರದಲ್ಲಿರುವ ವಸ್ತುವಿಗೆ ಕ್ರಿಯಾವರ್ಧಕ ಎಂದು ಹೆಸರು.

ಕರ್ನಾಟಕದಲ್ಲಿ ಈ ವಿದ್ಯೆ ದೊಡ್ಡ ಪ್ರಮಾಣದಲ್ಲಿ ನಡೆಯುವ ಸ್ಥಳ ಮಂಗಳೂರು. ಸುರತ್ಕಲ್ಲಿನ ಸಮೀಪದಲ್ಲಿರುವ ಎಂ.ಆರ್.ಪಿ.ಎಲ್. ತೈಲ ಶುದ್ಧೀಕರಣಾಗಾರವು 1988ರಲ್ಲಿ ಸ್ಥಾಪಿತವಾದ ಸಂಸ್ಥೆಗೆ ಸೇರಿದ್ದು. ಅದರ ಕೆಲಸ 1996ರಲ್ಲಿ ಆರಂಭವಾಯಿತು. ಮೂರನೆಯ ಹಂತದ ವಿಸ್ತರಣದ ತರುವಾಯ ಅದರ ಸಾಮರ್ಥ್ಯ ವರ್ಷಕ್ಕೆ 1 ಕೋಟಿ 50 ಲಕ್ಷ ಟನ್ನುಗಳಿಗೆ ಏರಿತು. ಮಡ್ಡಿಯನ್ನು ಹಗುರಗೊಳಿಸುವ ಬೇರೆ ಬೇರೆ ವಿಧಾನಗಳನ್ನು ಒಂದೇ ಆವರಣದಲ್ಲಿ ನಡೆಸುವ ಘಟಕಗಳು ಅಲ್ಲಿವೆ. ಅವುಗಳ ಮರ್ಮವನ್ನು ತಿಳಿಯಲು ಮೊದಲು ಸ್ವಲ್ಪ ಲೆಕ್ಕ ಮಾಡಬೇಕು.

ಜಲಜನಕದ ಲೆಕ್ಕ

ಪೆಟ್ರೋಲು, ಡೀಸೆಲ್, ಡಾಂಬರು, ಕಲ್ಲಿದ್ದಲು ಇವೆಲ್ಲ ಮುಖ್ಯವಾಗಿ ಇಂಗಾಲ ಮತ್ತು ಜಲಜನಕಗಳಿಂದ ಆದವು. ಇವುಗಳೊಳಗಿನ ವ್ಯತ್ಯಾಸಕ್ಕೆ ಅಣುವಿನ ಗಾತ್ರ ಒಂದು ಕಾರಣ. ಇಂಗಾಲದ ಪ್ರತಿ ಪರಮಾಣುವಿಗೆ ಜಲಜನಕದ ಎಷ್ಟು ಪರಮಾಣುಗಳಿವೆ ಎಂಬುದು ಇನ್ನೊಂದು. ಡೀಸೆಲ್ಲಿನಲ್ಲಿ ಈ ಪ್ರಮಾಣ ಎರಡಕ್ಕೆ ಸಮೀಪ. ಮಡ್ಡಿಯಲ್ಲಿ ಸುಮಾರು ಒಂದೂವರೆ. ಕಲ್ಲಿದ್ದಲಿನಲ್ಲಿ 0.8ರ ಆಸುಪಾಸು.

ಹಾಗಾದರೆ ದೊಡ್ಡ ಅಣುವನ್ನು ನಡುವೆ ಕತ್ತರಿಸಿದರೆ ಸಾಲದೆ? ಸಾಲದು. ಹೆಕ್ಸಾಡಿಕೇನ್ ಎಂಬ ಅಣುವನ್ನು ತೆಗೆದುಕೊಳ್ಳೋಣ. ಅದರಲ್ಲಿ ಇಂಗಾಲ 16, ಜಲಜನಕ 34. ಇದನ್ನು ಸಮನಾಗಿ ಒಡೆದು, 8 ಇಂಗಾಲ ಮತ್ತು 18 ಜಲಜನಕಗಳುಳ್ಳ ಆಕ್ಟೇನ್ ಅಣುಗಳನ್ನು ಪಡೆಯಬೇಕೆಂದಿದ್ದರೆ ಎರಡು ಅಣುಗಳಿಗೆ ಒಟ್ಟು 36 ಜಲಜನಕ ಬೇಕು. ಇರುವುದು 34 ಮಾತ್ರ. ಆದ್ದರಿಂದ ಒಂದು ತುಂಡು ತೃಪ್ತವಾದ ಆಕ್ಟೇನ್ ಆದರೆ, ಇನ್ನೊಂದು ಎರಡು ಪರಮಾಣುಗಳ ಕೊರತೆಯಿಂದ ಆಕ್ಟೀನ್ ಆಗಿ ಉಳಿಯುತ್ತದೆ. ಒಡೆದಷ್ಟೂ ಕೊರತೆ ಹೆಚ್ಚುತ್ತದೆ.

ಮಡ್ಡಿಯಲ್ಲಿ 100 ಇಂಗಾಲಕ್ಕೆ 150 ಜಲಜನಕವಿದೆಯೆನ್ನೋಣ. ನಮಗೆ ಬೇಕಾದ ಇಂಧನದಲ್ಲಿ 100ಕ್ಕೆ 190 ಇರಬೇಕು. ಇರುವ 150 ಜಲಜನಕವನ್ನು ಈ ಪ್ರಮಾಣದಲ್ಲಿ ಹಂಚಿದರೆ 79 ಇಂಗಾಲಕ್ಕೆ ಸಾಕಾಗುತ್ತದೆ. ಮಿಕ್ಕ 21 ಇಂಗಾಲ ಬರಿಯ ಕರಿಯಾಗಿ ಉಳಿಯಬೇಕು. ಇಲ್ಲವಾದರೆ 40 ಜಲಜನಕವನ್ನು ಹೊರಗಿನಿಂದ ತಂದು ಸೇರಿಸಬೇಕು. ಇಂಗಾಲವನ್ನು ಕಳೆಯುವುದು ಅಥವಾ ಜಲಜನಕವನ್ನು ಕೂಡಿಸುವುದು, ಇವೆರಡೇ ಮಾರ್ಗಗಳು. ಮೂರನೆಯದಿಲ್ಲ. ಯಾವ ಕ್ರಿಯಾವರ್ಧಕವೂ ಈ ಲೆಕ್ಕವನ್ನು ತಪ್ಪಿಸಲಾರದು.

ಬೆಟ್ಟವನ್ನು ಬಳಸುವ ದಾರಿ

ಹಾಗಾದರೆ ಕ್ರಿಯಾವರ್ಧಕ ಮಾಡುವುದಾದರೂ ಏನು? ಗುಂಡ್ಲುಪೇಟೆಯಿಂದ ಕೇರಳದ ಕಡೆಗೆ ಹೋಗುವವರು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಶಿಖರವನ್ನು ಹತ್ತಿ ಇಳಿದು ಹೋಗುವುದಿಲ್ಲ. ಆ ಶಿಖರ ಸಮುದ್ರಮಟ್ಟದಿಂದ ಸುಮಾರು 1,450 ಮೀಟರ್ ಎತ್ತರದಲ್ಲಿದೆ. ಬೆಟ್ಟವನ್ನು ಬಳಸಿಕೊಂಡು ಹೋಗುವ ತಗ್ಗಿನ ದಾರಿಯಿರುವುದರಿಂದ ಜನರೂ ಲಾರಿಗಳೂ ಆ ದಾರಿಯನ್ನೇ ಹಿಡಿಯುತ್ತಾರೆ. ಹೊರಟ ಊರಿನ ಎತ್ತರವಾಗಲಿ, ಸೇರುವ ಊರಿನ ಎತ್ತರವಾಗಲಿ ದಾರಿಯಿಂದ ಬದಲಾಗದು. ನಡುವೆ ಹತ್ತಬೇಕಾದ ಏರು ಮಾತ್ರ ಕಡಮೆಯಾಗುತ್ತದೆ. ಕ್ರಿಯಾವರ್ಧಕವು ಅಣುಗಳಿಗೆ ತೋರುವುದು ಇಂತಹ ತಗ್ಗಿನ ದಾರಿಯನ್ನು.

ಏರು ಸ್ವಲ್ಪ ತಗ್ಗಿದರೂ ಫಲ ಬಹಳ ದೊಡ್ಡದು. ಒಂದು ಪದಾರ್ಥದ ಅಣುಗಳೆಲ್ಲ ಒಂದೇ ಶಕ್ತಿಯಿಂದ ಕೂಡಿರುವುದಿಲ್ಲ; ಹೆಚ್ಚಿನ ಶಕ್ತಿಯುಳ್ಳವುಗಳ ಸಂಖ್ಯೆ ಅತಿ ಶೀಘ್ರವಾಗಿ ಕ್ಷೀಣಿಸುತ್ತದೆಂಬುದು ಬೋಲ್ಟ್ಸ್‌ಮನ್ನನ ನಿಯಮ. ಇದರಂತೆ ಗುಣಿಸಿ ನೋಡಿದರೆ, 400 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಏರನ್ನು ಮೋಲ್ ಒಂದಕ್ಕೆ 40 ಕಿಲೋಜೌಲಿನಷ್ಟು ಇಳಿಸಿದರೆ ಕ್ರಿಯೆಯ ವೇಗ 1,200 ಪಟ್ಟಿಗೂ ಮೀರಿ ಹೆಚ್ಚುತ್ತದೆ. ಇಡೀ ದಿನ ಹಿಡಿಯುವ ಕೆಲಸ ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿದಂತೆ.

ಬರಿಯ ಶಾಖದಿಂದ ಎಣ್ಣೆಯನ್ನು ಒಡೆಯುವ ಕ್ರಮ ಇದಕ್ಕಿಂತ ಹಳೆಯದು. ರಷ್ಯದ ಶೂಖೊವ್ 1891ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದನು. ಅಮೆರಿಕದ ಬರ್ಟನ್ 1913ರಲ್ಲಿ ಅದನ್ನು ಉದ್ಯಮಕ್ಕೆ ತಂದನು. ಆದರೆ ಶಾಖಕ್ಕೆ ವಿವೇಚನೆಯಿಲ್ಲ. ಅದು ಅಣುವನ್ನು ಸಿಕ್ಕಲ್ಲಿ ಮುರಿಯುತ್ತದೆ. ಬೇಡದ ಅನಿಲ, ಬೇಡದ ಕರಿ ಹೆಚ್ಚಾಗಿ ಬರುತ್ತವೆ. ಮಂಗಳೂರಿನ ‘ಕೋಕರ್’ ಘಟಕ ಇಂದಿಗೂ ಶಾಖದಿಂದಲೇ ಕೆಲಸ ಮಾಡುತ್ತದೆ. ಅತ್ಯಂತ ಕೀಳಾದ ಮಡ್ಡಿಯನ್ನು ಒಡೆದು, ಮಿಕ್ಕ ಇಂಗಾಲವನ್ನು ಘನವಾದ ಕೋಕ್ ರೂಪದಲ್ಲಿ ಹೊರಹಾಕುವುದು ಅದರ ಕೆಲಸ. ಅದಕ್ಕಿಂತ ಮೇಲಾದ ಭಾಗವನ್ನು ಕ್ರಿಯಾವರ್ಧಕಗಳ ಕೈಗೆ ಒಪ್ಪಿಸುತ್ತಾರೆ.

ಹರಿಯುವ ಪುಡಿ

ಫ್ರಾನ್ಸಿನ ಎಂಜಿನಿಯರ್ ಯೂಜೀನ್ ಹೂಡ್ರಿ ಆಮ್ಲದಿಂದ ಸಂಸ್ಕರಿಸಿದ ಜೇಡಿಮಣ್ಣನ್ನು ಕ್ರಿಯಾವರ್ಧಕವಾಗಿ ಬಳಸಿದನು. 1937ರಲ್ಲಿ ಅಮೆರಿಕದ ಮಾರ್ಕಸ್ ಹುಕ್ಕಿನಲ್ಲಿ ಅವನ ಪದ್ಧತಿಯ ದೊಡ್ಡ ಸ್ಥಾವರ ಕೆಲಸ ಆರಂಭಿಸಿತು. ಆಮ್ಲಗುಣದ ಮಣ್ಣು ಎಣ್ಣೆಯ ಅಣುವಿಗೆ ಒಂದು ಪ್ರೋಟಾನನ್ನು ಕೊಡುತ್ತದೆ. ಧನ ವಿದ್ಯುದಾವೇಶ ಪಡೆದ ಅಣು ಸುಲಭವಾಗಿ ಸೀಳುತ್ತದೆ. ಕೊನೆಯಲ್ಲಿ ಪ್ರೋಟಾನು ಮಣ್ಣಿಗೆ ಹಿಂದಿರುಗುತ್ತದೆ. ಸಾಲ ಕೊಟ್ಟದ್ದು ವಾಪಸು ಬಂದಿತು. ಮಣ್ಣು ಮುಂದಿನ ಅಣುವಿಗೆ ಸಿದ್ಧ.

ಆದರೆ ತೊಡಕೊಂದಿತ್ತು. ಲೆಕ್ಕದಲ್ಲಿ ಮಿಕ್ಕ ಇಂಗಾಲ ಮಣ್ಣಿನ ಮೇಲೆಯೇ ಮಸಿಯಾಗಿ ಕೂಡುತ್ತದೆ. ಕೆಲಹೊತ್ತಿನಲ್ಲಿ ಮಣ್ಣು ನಿಷ್ಕ್ರಿಯವಾಗುತ್ತದೆ. ಹೂಡ್ರಿ ಎಣ್ಣೆಯನ್ನು ನಿಲ್ಲಿಸಿ, ಗಾಳಿ ಹಾಯಿಸಿ, ಮಸಿಯನ್ನು ಸುಟ್ಟು ಮತ್ತೆ ಆರಂಭಿಸಬೇಕಾಗಿತ್ತು. ಈ ತೊಡಕನ್ನು ಬಿಡಿಸಿದವರು ಎಂ.ಐ.ಟಿ.ಯ ಲೂಯಿಸ್ ಮತ್ತು ಗಿಲಿಲ್ಯಾಂಡ್. ನುಣ್ಣನೆಯ ಪುಡಿಯ ಮೂಲಕ ತಕ್ಕ ವೇಗದಿಂದ ಅನಿಲವನ್ನು ಊದಿದರೆ ಪುಡಿ ದ್ರವದಂತೆ ಹರಿಯುತ್ತದೆ. ಈ ತತ್ತ್ವದ ಮೇಲೆ ನಿಂತ ಮೊದಲ ಸ್ಥಾವರ 1942ರಲ್ಲಿ ಅಮೆರಿಕದ ಬ್ಯಾಟನ್ ರೂಜ್‌ನಲ್ಲಿ ಕೆಲಸ ತೊಡಗಿತು.

ಇಂದಿನ ಸ್ಥಾವರದಲ್ಲಿ ಪುಡಿಯ ಕಣದ ಅಡ್ಡಳತೆ ಮಿಲಿಮೀಟರಿನ ನೂರರಲ್ಲಿ ಏಳು ಭಾಗದಷ್ಟು. ಕಾದ ಪುಡಿಯೂ ಎಣ್ಣೆಯ ಆವಿಯೂ ಎತ್ತರವಾದ ಕೊಳವೆಯೊಂದರಲ್ಲಿ ಜೊತೆಯಾಗಿ ಮೇಲೇರುತ್ತವೆ. ಅಲ್ಲಿಯ ಉಷ್ಣತೆ 500 ಡಿಗ್ರಿಗೂ ಮೇಲೆ. ಕೆಲವೇ ಸೆಕೆಂಡುಗಳಲ್ಲಿ ಅಣುಗಳು ಒಡೆಯುತ್ತವೆ. ಮೇಲ್ತುದಿಯಲ್ಲಿ ಆವಿ ಒಂದು ಕಡೆಗೆ ಹೋದರೆ ಮಸಿ ಹಿಡಿದ ಪುಡಿ ಇನ್ನೊಂದು ಪಾತ್ರೆಗೆ ಇಳಿಯುತ್ತದೆ. ಅಲ್ಲಿ ಗಾಳಿಯಿಂದ ಮಸಿ ಉರಿದು, ಪುಡಿ ಸುಮಾರು 700 ಡಿಗ್ರಿಗೆ ಕಾಯುತ್ತದೆ; ಮತ್ತೆ ಕೊಳವೆಯ ಬುಡಕ್ಕೆ ಬರುತ್ತದೆ. ಅಣುಗಳನ್ನು ಒಡೆಯಲು ಶಾಖ ಬೇಕು. ಆ ಶಾಖವನ್ನು ಒದಗಿಸುವುದು ಪುಡಿಯ ಮೇಲೆ ಕುಳಿತ ಮಸಿಯೇ! ಕಳೆಯಬೇಕಾದ ಇಂಗಾಲವೇ ಒಲೆಗೆ ಸೌದೆಯಾಯಿತು. ಇದೇ ಜಾತಿಯ ಘಟಕ ಮಂಗಳೂರಿನಲ್ಲಿಯೂ ಇದೆ. ಪ್ಲಾಸ್ಟಿಕ್ ತಯಾರಿಕೆಗೆ ಬೇಕಾದ ಪ್ರೊಪಿಲೀನ್ ಅನಿಲವನ್ನು ಹೆಚ್ಚಾಗಿ ಕೊಡುವಂತೆ ಅದನ್ನು ಅಣಿಗೊಳಿಸಲಾಗಿದೆ.

ಏಳು ಗ್ರಾಮಿನಲ್ಲಿ ಒಂದು ಎಕರೆ

1960ರ ದಶಕದಲ್ಲಿ ಮಣ್ಣಿನ ಸ್ಥಾನಕ್ಕೆ ಜಿಯೋಲೈಟುಗಳು ಬಂದವು. ಇವು ಸಿಲಿಕಾನ್, ಅಲ್ಯೂಮಿನಿಯಂ ಮತ್ತು ಆಮ್ಲಜನಕಗಳಿಂದ ಕಟ್ಟಿದ ಹರಳುಗಳು. ಹರಳಿನ ಒಳಗೆಲ್ಲ ಕ್ರಮವಾದ ಕೋಣೆಗಳು, ಒಂದೇ ಅಳತೆಯ ಬಾಗಿಲುಗಳು. ಎಣ್ಣೆಯ ಸ್ಥಾವರಗಳಲ್ಲಿ ಬಳಸುವ ವೈ ಜಿಯೋಲೈಟಿನ ಬಾಗಿಲು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತಲೂ ಕಿರಿದು. ತಕ್ಕ ಗಾತ್ರದ ಅಣು ಮಾತ್ರ ಒಳಹೋಗಬಲ್ಲುದು. ಇಂತಹ ಜಿಯೋಲೈಟಿನ ಒಂದು ಗ್ರಾಮಿನಲ್ಲಿ ಅಡಗಿರುವ ಒಳಮೈಯನ್ನು ಬಿಡಿಸಿ ಹಾಸಿದರೆ 600 ಚದರ ಮೀಟರಿಗೂ ಮಿಗಿಲಾಗುತ್ತದೆ. ನಮ್ಮ ರೈತರ ಭಾಷೆಯಲ್ಲಿ ಹೇಳುವುದಾದರೆ ಆರು ಗುಂಟೆ ಜಮೀನು. ಏಳು ಗ್ರಾಮಿನಷ್ಟು ಪುಡಿಯನ್ನು ಅಂಗೈಯಲ್ಲಿ ಹಿಡಿದವನು ಒಂದು ಎಕರೆಯನ್ನೇ ಹಿಡಿದಂತೆ.

ಜಲಜನಕವನ್ನು ಕೂಡಿಸುವ ಮಾರ್ಗ

ಎರಡನೆಯ ಮಾರ್ಗದ ಕಥೆ ಕಲ್ಲಿದ್ದಲಿನಿಂದ ಆರಂಭವಾಗುತ್ತದೆ. ಎಣ್ಣೆಯ ಬಾವಿಗಳಿಲ್ಲದ ಜರ್ಮನಿಯಲ್ಲಿ ಫ್ರೀಡ್ರಿಕ್ ಬರ್ಗಿಯಸ್ 1913ರಲ್ಲಿ ಕಲ್ಲಿದ್ದಲಿನ ಪುಡಿಗೆ ಭಾರಿ ಒತ್ತಡದಲ್ಲಿ ಜಲಜನಕವನ್ನು ಸೇರಿಸಿ ಎಣ್ಣೆಯನ್ನು ಪಡೆಯುವ ಕ್ರಮವನ್ನು ಕಂಡುಹಿಡಿದನು. ಇದನ್ನು ಉದ್ಯಮದ ಮಟ್ಟಕ್ಕೆ ತರಲು ಕ್ರಿಯಾವರ್ಧಕ ಬೇಕಾಗಿತ್ತು. ಆದರೆ ಕಲ್ಲಿದ್ದಲಿನಲ್ಲಿರುವ ಗಂಧಕ ಲೋಹಗಳ ಕ್ರಿಯಾಶಕ್ತಿಯನ್ನು ಕೊಲ್ಲುತ್ತಿತ್ತು. ಮಥಿಯಾಸ್ ಪೀರ್ ಮತ್ತು ಅವನ ಸಂಗಡಿಗರು ಗಂಧಕದೊಡನೆ ಮೊದಲೇ ಕೂಡಿರುವ ಮಾಲಿಬ್ಡಿನಂ ಮತ್ತು ಟಂಗ್‌ಸ್ಟನ್ ಸಲ್ಫೈಡುಗಳನ್ನು ಆರಿಸಿಕೊಂಡರು. ಗಂಧಕದಿಂದಲೇ ಆದುದಕ್ಕೆ ಗಂಧಕದ ಭಯವೆಲ್ಲಿಯದು? 1927ರಲ್ಲಿ ಲೊಯ್ನಾದ ಕಾರ್ಖಾನೆ ಕಲ್ಲಿದ್ದಲಿನಿಂದ ಪೆಟ್ರೋಲು ತೆಗೆಯತೊಡಗಿತು. 1931ರ ನೊಬೆಲ್ ಪಾರಿತೋಷಕವನ್ನು ಬರ್ಗಿಯಸ್ ಮತ್ತು ಕಾರ್ಲ್ ಬಾಷ್ ಹಂಚಿಕೊಂಡರು.

ಮಂಗಳೂರಿನ ‘ಹೈಡ್ರೋಕ್ರ್ಯಾಕರ್’ ಘಟಕಗಳು ಈ ವಂಶದವು. ಇಂತಹ ಘಟಕದಲ್ಲಿ ಉಷ್ಣತೆ 400 ಡಿಗ್ರಿಗೆ ಸಮೀಪ. ಜಲಜನಕದ ಒತ್ತಡ ವಾಯುಮಂಡಲದ ಒತ್ತಡದ ನೂರು ಪಟ್ಟಿಗೂ ಮೇಲೆ. ಕ್ರಿಯಾವರ್ಧಕದ ಒಂದೊಂದು ಗುಳಿಗೆಗೂ ಎರಡು ಕೆಲಸ. ಅದರ ಆಮ್ಲಭಾಗ ಅಣುವನ್ನು ಒಡೆಯುತ್ತದೆ. ಲೋಹಭಾಗ ಒಡೆದ ತುದಿಗಳಿಗೆ ಜಲಜನಕವನ್ನು ತುಂಬುತ್ತದೆ. ಹೆಕ್ಸಾಡಿಕೇನಿನ ಲೆಕ್ಕದಲ್ಲಿ ಕೊರತೆಯಾಗಿದ್ದ ಎರಡು ಪರಮಾಣುಗಳು ದೊರೆತು ಎರಡು ತುಂಡುಗಳೂ ಆಕ್ಟೇನ್ ಆಗುತ್ತವೆ. ಎಣ್ಣೆಯಲ್ಲಿದ್ದ ಗಂಧಕವೂ ಜಲಜನಕದೊಡನೆ ಕೂಡಿ ಅನಿಲವಾಗಿ ಹೊರಬೀಳುತ್ತದೆ. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲೆಲ್ಲ ಜಾರಿಗೆ ಬಂದ ನಿಯಮದಂತೆ ಒಂದು ಟನ್ ಡೀಸೆಲ್ಲಿನಲ್ಲಿ 10 ಗ್ರಾಮಿಗಿಂತ ಹೆಚ್ಚು ಗಂಧಕವಿರಕೂಡದು. ಜಲಜನಕವೂ ಸಲ್ಫೈಡು ಕ್ರಿಯಾವರ್ಧಕಗಳೂ ಇಲ್ಲದೆ ಈ ನಿಯಮವನ್ನು ಪಾಲಿಸುವುದು ಕಷ್ಟಸಾಧ್ಯ.

ಹಸಿರೆಲೆಯ ಸೇಡು

ಕ್ರಿಯಾವರ್ಧಕ ತಾನು ಸವೆಯುವುದಿಲ್ಲವೆಂದು ಪಠ್ಯಪುಸ್ತಕದಲ್ಲಿ ಓದುತ್ತೇವೆ. ತತ್ತ್ವದಲ್ಲಿ ಅದು ನಿಜ. ಕಾರ್ಖಾನೆಯಲ್ಲಿ ಅದಕ್ಕೂ ಆಯುಸ್ಸುಂಟು. ಮಸಿಯನ್ನಾದರೆ ಸುಡಬಹುದು. ಮಡ್ಡಿಯಲ್ಲಿರುವ ವನೇಡಿಯಂ ಮತ್ತು ನಿಕ್ಕಲ್ ಲೋಹಗಳನ್ನು ಸುಡಲಾಗದು. ವನೇಡಿಯಂ ಜಿಯೋಲೈಟಿನ ಹರಳನ್ನು ಕೆಡವುತ್ತದೆ. ನಿಕ್ಕಲ್ ಇನ್ನಷ್ಟು ಮಸಿಯನ್ನು ಹುಟ್ಟಿಸುತ್ತದೆ. ಈ ಲೋಹಗಳು ಎಣ್ಣೆಗೆ ಎಲ್ಲಿಂದ ಬಂದವು? 1930ರ ದಶಕದಲ್ಲಿ ಆಲ್ಫ್ರೆಡ್ ಟ್ರೀಬ್ಸ್ ಎಂಬ ಜರ್ಮನ್ ರಸಾಯನವಿಜ್ಞಾನಿ ಈ ಲೋಹಗಳು ಪೋರ್ಫಿರಿನ್ ಎಂಬ ಉಂಗುರಾಕಾರದ ಅಣುಗಳ ನಡುವೆ ಕುಳಿತಿರುವುದನ್ನು ತೋರಿಸಿದನು. ಎಲೆಗೆ ಹಸಿರು ಬಣ್ಣವನ್ನು ಕೊಡುವ ಪತ್ರಹರಿತ್ತಿನ ಅಣುವಿನಲ್ಲಿಯೂ ಇಂತಹುದೇ ಉಂಗುರವಿದೆ. ಅದರ ನಡುವೆ ಮೆಗ್ನೀಸಿಯಂ ಇರುತ್ತದೆ. ಜೀವಿಗಳು ಹೂತುಹೋಗಿ ಎಣ್ಣೆಯಾದ ದೀರ್ಘಕಾಲದಲ್ಲಿ ಮೆಗ್ನೀಸಿಯಂ ಹೋಗಿ ಅದರ ಸ್ಥಳದಲ್ಲಿ ಬೇರೆ ಲೋಹ ನೆಲಸಿತು. ಕೋಟ್ಯಂತರ ವರ್ಷಗಳ ಹಿಂದಿನ ಹಸಿರು ಇಂದು ಕ್ರಿಯಾವರ್ಧಕಕ್ಕೆ ವಿಷವಾಗಿದೆ. ಎಣ್ಣೆಯ ಮೂಲ ಜೀವಿಗಳೇ ಎಂಬುದಕ್ಕೆ ದೊರೆತ ಪ್ರಬಲ ಸಾಕ್ಷ್ಯವೂ ಇದೇ.

ತೆರಬೇಕಾದ ಬೆಲೆ

ಜಲಜನಕವಾದರೂ ಪುಕ್ಕಟೆಯಾಗಿ ಬರುವುದೆ? ಶುದ್ಧೀಕರಣಾಗಾರಗಳಲ್ಲಿ ಸಾಮಾನ್ಯವಾಗಿ ನ್ಯಾಫ್ತಾ ಅಥವಾ ನೈಸರ್ಗಿಕ ಅನಿಲವನ್ನು ನೀರಾವಿಯೊಡನೆ ನಿಕ್ಕಲ್ ಕ್ರಿಯಾವರ್ಧಕದ ಮೇಲೆ ಹಾಯಿಸಿ ಅದನ್ನು ತಯಾರಿಸುತ್ತಾರೆ. ಮೀಥೇನಿನಿಂದ ತಯಾರಿಸಿದರೆ ಒಂದು ಕಿಲೋಗ್ರಾಂ ಜಲಜನಕಕ್ಕೆ ಐದೂವರೆ ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಕುಲುಮೆಯ ಉರಿಯ ಲೆಕ್ಕ ಬೇರೆ. ಕಲ್ಲಿದ್ದಲಿನಿಂದ ತಯಾರಿಸಿದರೆ ಹನ್ನೊಂದು ಕಿಲೋಗ್ರಾಂ. ಕಲ್ಲಿದ್ದಲಿನ ಒಂದು ಟನ್ ಇಂಗಾಲವನ್ನು ಡೀಸೆಲ್ಲಿನ ಮಟ್ಟಕ್ಕೆ ತರಲು ಸುಮಾರು 100 ಕಿಲೋಗ್ರಾಂ ಜಲಜನಕ ಬೇಕಾಗುತ್ತದೆ. ಎಂದರೆ ಎಂಜಿನಿನಲ್ಲಿ ಒಂದು ಹನಿ ಉರಿಯುವ ಮೊದಲೇ ಒಂದು ಟನ್ನಿಗೂ ಹೆಚ್ಚು ಡೈಆಕ್ಸೈಡ್ ವಾಯುಮಂಡಲವನ್ನು ಸೇರಿರುತ್ತದೆ. ಉರಿದ ಮೇಲೆ ಇನ್ನೂ ಮೂರೂವರೆ ಟನ್ನಿಗೂ ಮಿಗಿಲು. ಭೂಮಿಯ ಉಷ್ಣತೆ ಏರುತ್ತಿರುವ ಈ ಕಾಲದಲ್ಲಿ ಹಗುರವಾದ ಇಂಧನದ ನಿಜವಾದ ಭಾರ ಇದು. ಕ್ರಿಯಾವರ್ಧಕ ದಾರಿಯನ್ನು ಸುಗಮಗೊಳಿಸಬಲ್ಲುದು. ಸುಂಕವನ್ನು ಮನ್ನಾ ಮಾಡಲಾರದು.

ಈ ಸುಂಕವನ್ನು ಸೂರ್ಯನೇ ತೆರುವ ಒಂದು ಬಗೆಯನ್ನು ನಮ್ಮ ಊರುಗಳ ಹೊಂಗೆಯ ಮರದಲ್ಲಿ ಕಾಣಬಹುದು. ಹೊಂಗೆಯೆಣ್ಣೆಯಲ್ಲಿ ಹೆಚ್ಚಾಗಿರುವ ಓಲಿಯಿಕ್ ಆಮ್ಲದಲ್ಲಿ 18 ಇಂಗಾಲಕ್ಕೆ 34 ಜಲಜನಕವಿದೆ. ಪ್ರಮಾಣ ಆಗಲೇ ಎರಡಕ್ಕೆ ಸಮೀಪ. ಆ ಜಲಜನಕವನ್ನು ಎಲೆ ಬಿಸಿಲಿನ ಶಕ್ತಿಯಿಂದ ನೀರಿನೊಳಗಿಂದ ಪಡೆದಿದೆ. ಉಳಿದಿರುವುದು ಅಣುವಿನಲ್ಲಿರುವ ಎರಡು ಆಮ್ಲಜನಕಗಳನ್ನು ಕಳೆಯುವ ಕೆಲಸ. ಗಂಧಕವನ್ನು ತೆಗೆಯುವ ಸಲ್ಫೈಡು ಕ್ರಿಯಾವರ್ಧಕಗಳ ಜಾತಿಯವೇ ಸ್ವಲ್ಪ ಜಲಜನಕದ ನೆರವಿನಿಂದ ಈ ಕೆಲಸವನ್ನೂ ಮಾಡಬಲ್ಲವು. ಹಾಸನದ ಬಳಿಯ ಮಡೆನೂರಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಇಂತಹ ಮರಗಳಿಗಾಗಿಯೇ ಜೈವಿಕ ಇಂಧನ ಉದ್ಯಾನವನ್ನು ಬೆಳೆಸಿತು. ಬೇಲಿಯ ಮರಗಳ ಬೀಜದಿಂದ ಮಂಗಳೂರಿನಂತಹ ಶುದ್ಧೀಕರಣಾಗಾರದ ಹಸಿವು ಹಿಂಗದು ಎಂಬುದೂ ಅಷ್ಟೇ ಸ್ಪಷ್ಟ. ಎಲೆ ಮಾಡುವ ಕೆಲಸವನ್ನು, ಎಂದರೆ ಬಿಸಿಲಿನ ಬಲದಿಂದ ನೀರನ್ನು ಸೀಳಿ ಜಲಜನಕವನ್ನು ಅಗ್ಗವಾಗಿ ಕೊಡುವ ಕೆಲಸವನ್ನು, ಮಾಡಬಲ್ಲ ಕ್ರಿಯಾವರ್ಧಕಕ್ಕಾಗಿ ಪ್ರಪಂಚದ ಅನೇಕ ಪ್ರಯೋಗಶಾಲೆಗಳಲ್ಲಿ ಹುಡುಕಾಟ ನಡೆದಿದೆ. ಇಂದು ರಸಾಯನಶಾಸ್ತ್ರ, ಭೌತಶಾಸ್ತ್ರಗಳನ್ನು ಅಭ್ಯಾಸ ಮಾಡುತ್ತಿರುವ ನಮ್ಮ ತರುಣ ತರುಣಿಯರ ಪಾಲಿಗೂ ಈ ಹುಡುಕಾಟದಲ್ಲಿ ಬೇಕಾದಷ್ಟು ಕೆಲಸ ಮಿಕ್ಕಿದೆ.