ಹುಳುಕು ಹಲ್ಲಿನ ಹುಳ ಎಲ್ಲಿಂದ ಬಂತು?

ಅಗಲವಾದ ತಟ್ಟೆಯಲ್ಲಿ ನೀರು. ನಡುವೆ ಒಂದು ಕಲ್ಲು, ಅದರ ಮೇಲೆ ಕೆಂಪಗೆ ಕಾಸಿದ ಕಬ್ಬಿಣದ ತುಂಡು. ತುಪ್ಪದಲ್ಲಿ ಕಲಸಿದ ನೆಲಗುಳ್ಳದ ಬೀಜವನ್ನು ಅದರ ಮೇಲೆ ಉದುರಿಸಿದ ಕೂಡಲೇ ಅಜ್ಜಿ ತಳ ತೂತಾದ ಕುಡಿಕೆಯನ್ನು ಬೋರಲು ಹಾಕಿ, ತೂತಿಗೆ ಪರಂಗಿ ಎಲೆಯ ದಂಟು ಸಿಕ್ಕಿಸಿದಳು. ದಂಟಿನ ಇನ್ನೊಂದು ತುದಿ ನನ್ನ ಬಾಯಲ್ಲಿ. ಹೊಗೆ ಗಂಟಲಿಗೆ ಹೊಕ್ಕು ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಕುಡಿಕೆ ಎತ್ತಿದಾಗ ನೀರಿನ ಮೇಲೆ ಬೆಳ್ಳನೆಯ ಪುಟ್ಟ ಎಳೆಗಳು ಸುರುಳಿ ಸುತ್ತಿಕೊಂಡು ತೇಲುತ್ತಿದ್ದವು. 'ನೋಡೋ ಮಗ, ಹುಳ ಬಿದ್ದವು' ಎಂದಳು ಅಜ್ಜಿ. ಆಗ ನನಗೆ ಹತ್ತು ವರ್ಷ. ಆ ರಾತ್ರಿ ನಿದ್ದೆಯೂ ಬಂತು.

ಹುಳುಕು ಎಂಬ ಮಾತಿನಲ್ಲೇ ಹುಳ ಕೂತಿದೆ. ಈ ನಂಬಿಕೆ ನಮ್ಮದಷ್ಟೇ ಅಲ್ಲ. ಹಲ್ಲಿನ ಹುಳವನ್ನು ಓಡಿಸುವ ಮಂತ್ರ ಬ್ಯಾಬಿಲೋನಿಯಾದ ಜೇಡಿಮಣ್ಣಿನ ಫಲಕದಲ್ಲಿದೆ. ಯುರೋಪಿನಲ್ಲಿ ನೆಲಗುಳ್ಳದ ಬಳಗದ್ದೇ ಆದ ಹೆನ್‌ಬೇನ್ ಬೀಜದ ಹೊಗೆ ಹಾಕುತ್ತಿದ್ದರು. ಹಲ್ಲು ಕೀಳುವ ಕೆಲವು ಠಕ್ಕರು ವಾದ್ಯದ ತಂತಿಯ ಚೂರುಗಳನ್ನು ನೀರಿಗೆ ಬಿಟ್ಟು ಹುಳವೆಂದು ನಂಬಿಸುತ್ತಾರೆ ಎಂದು ಇಂಗ್ಲೆಂಡಿನ ಜಾನ್ ಜೆರಾರ್ಡ್ 1597ರ ತನ್ನ ಗಿಡಮೂಲಿಕೆಗಳ ಪುಸ್ತಕದಲ್ಲೇ ಬರೆದಿದ್ದ. ನಮ್ಮಜ್ಜಿ ಮೋಸ ಮಾಡಿರಲಿಲ್ಲ. ಗುಳ್ಳದ ಬಳಗದ ಬೀಜ ಸೀಳಿದರೆ ಒಳಗಿನ ಮೊಳಕೆ ಬಾಗಿ ಸುರುಳಿಯಾಗಿರುತ್ತದೆ. ಬಿಸಿಗೆ ಸಿಪ್ಪೆ ಸಿಡಿದು ಅದು ಹೊರಬಿದ್ದರೆ ಥೇಟು ಹುಳವೇ. ಅವಳೂ ಕಂಡದ್ದನ್ನೇ ನಂಬಿದ್ದಳು.

ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್ 1728ರಲ್ಲಿ ಹುಳದ ಮಾತನ್ನು ತಳ್ಳಿಹಾಕಿದ. 1890ರಲ್ಲಿ ದಂತವೈದ್ಯ ವಿಲ್ಲೋಬಿ ಮಿಲ್ಲರ್ ಅಸಲು ಕಾರಣವನ್ನು ಬಿಡಿಸಿ ಹೇಳಿದ: ಬಾಯಲ್ಲಿ ಉಳಿದ ಸಕ್ಕರೆ, ಪಿಷ್ಟವನ್ನು ಬ್ಯಾಕ್ಟೀರಿಯಾ ಆಮ್ಲವಾಗಿಸುತ್ತವೆ, ಆಮ್ಲ ಹಲ್ಲನ್ನು ಕರಗಿಸುತ್ತದೆ.

ಹಲ್ಲುನೋವು ರಾತ್ರಿಯೇ ಯಾಕೆ ಜೀವ ಹಿಂಡುತ್ತದೆ? ಹಲ್ಲಿನ ನಡುವಿನ ತಿರುಳಿನಲ್ಲಿ ನರವೂ ರಕ್ತನಾಳವೂ ಇವೆ. ಮೈಯ ಬೇರೆ ಕಡೆ ಬಾವು ಬಂದರೆ ಚರ್ಮ ಉಬ್ಬಿ ಜಾಗ ಕೊಡುತ್ತದೆ. ಇಲ್ಲಿ ಸುತ್ತಲೂ ಕಲ್ಲಿನಂಥ ಗೋಡೆ, ಬಾವಿಗೆ ಜಾಗವೇ ಇಲ್ಲ. ಮಲಗಿದರೆ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚಿ ನೋವು ಮಿಡಿಯತೊಡಗುತ್ತದೆ. ಎರಡು ದಿಂಬು ಇಟ್ಟು ತಲೆ ಎತ್ತರಿಸುವುದೇ ಒಂದು ಮದ್ದು.

ಮನೆಮದ್ದಿನಲ್ಲಿ ನಾನು ಮನಸಾರೆ ನಂಬುವುದು ಲವಂಗವನ್ನು. ಇಂಡೋನೇಷ್ಯಾದ ಮಲುಕು ದ್ವೀಪಗಳಿಂದ ಲೋಕಕ್ಕೆ ಹರಡಿದ ಈ ಒಣಮೊಗ್ಗಿನ ಎಣ್ಣೆಯಲ್ಲಿ ಬಹುಪಾಲು ಯೂಜಿನಾಲ್. ಅದು ನರವನ್ನು ಮರಗಟ್ಟಿಸುತ್ತದೆ, ಉರಿಯೂತವನ್ನೂ ತಗ್ಗಿಸುತ್ತದೆ. ದಂತವೈದ್ಯರು ಹಲ್ಲಿಗೆ ತಾತ್ಕಾಲಿಕವಾಗಿ ತುಂಬುವ ಸಿಮೆಂಟುಗಳಲ್ಲಿ ಒಂದು ಸತುವಿನ ಆಕ್ಸೈಡ್ ಮತ್ತು ಯೂಜಿನಾಲ್ ಕಲಸಿದ್ದು. ಕ್ಲಿನಿಕ್ಕಿನ ಬಾಗಿಲಲ್ಲೇ ಸಂಬಾರದ ಡಬ್ಬಿಯ ವಾಸನೆ ಬರುವುದು ಅದಕ್ಕೇ. ಒಂದು ಲವಂಗವನ್ನು ಮೆಲ್ಲಗೆ ಜಗಿದು, ಮೆತ್ತಗಾದ ಮೇಲೆ ನೋಯುವ ಹಲ್ಲಿನ ಪಕ್ಕ ಒತ್ತಿಟ್ಟುಕೊಳ್ಳಿ. ಲವಂಗದೆಣ್ಣೆಯಾದರೆ ಕೊಬ್ಬರಿ ಎಣ್ಣೆಯಲ್ಲಿ ತೆಳುಮಾಡಿ, ಹತ್ತಿಯಲ್ಲಿ ಅದ್ದಿ ಹಲ್ಲಿಗಷ್ಟೇ ತಾಗಿಸಬೇಕು. ತೆಳುಮಾಡದೆ ಹಚ್ಚಿದರೆ ವಸಡು ಸುಟ್ಟು ಬೊಕ್ಕೆ ಏಳಬಹುದು. ಚಿಕ್ಕ ಮಕ್ಕಳ ಕೈಗೆ ಆ ಸೀಸೆ ಸಿಗಲೇಬಾರದು, ನುಂಗಿದರೆ ಯಕೃತ್ತಿಗೆ ಪೆಟ್ಟು.

ಅರ್ಧ ಚಮಚ ಉಪ್ಪು ಹಾಕಿದ ಬೆಚ್ಚನೆಯ ನೀರು ಮುಕ್ಕಳಿಸಿದರೆ ಸಂದಿಯಲ್ಲಿ ಸಿಕ್ಕಿದ ತುಣುಕು ಹೊರಬರುತ್ತದೆ, ವಸಡಿಗೆ ಹಿತ. ಸೀಬೆ ಎಲೆಯ ಕಷಾಯವನ್ನೂ ಹೀಗೆ ಮುಕ್ಕಳಿಸುತ್ತಾರೆ, ಅದರ ಒಗರು ವಸಡನ್ನು ಬಿಗಿಮಾಡುತ್ತದೆ. ಕೆನ್ನೆಗೆ ಬಿಸಿ ಶಾಖ ಬೇಡ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಸಾಕು. ಆಸ್ಪಿರಿನ್ ಮಾತ್ರೆಯನ್ನು ವಸಡಿಗೆ ಅದುಮಿಟ್ಟು ಅಲ್ಲಿನ ಚರ್ಮ ಬೆಳ್ಳಗೆ ಸುಟ್ಟುಕೊಂಡವರಿದ್ದಾರೆ. ನಶ್ಯ, ಹೊಗೆಸೊಪ್ಪು ತಿಕ್ಕುವುದಂತೂ ಖಂಡಿತ ಕೂಡದು. ನೋವಿಗೆಂದು ಶುರುವಾದದ್ದು ಚಟವಾಗಿ, ಬಾಯಿಯ ಕ್ಯಾನ್ಸರಿನವರೆಗೆ ಒಯ್ಯುವುದುಂಟು.

ನನ್ನ ಹಲ್ಲಿನ ಕಥೆಗೆ ಬರುತ್ತೇನೆ. ಅಂದು ನೋಯುತ್ತಿದ್ದುದು ಆರು ವರ್ಷದ ಹೊತ್ತಿಗೆ ಬರುವ ದವಡೆ ಹಲ್ಲು. ಹಾಲುಹಲ್ಲಿನ ಸಾಲಿನ ಹಿಂದೆ ಸದ್ದಿಲ್ಲದೆ ಹುಟ್ಟುವುದರಿಂದ ಅದನ್ನೂ ಹಾಲುಹಲ್ಲೆಂದು ಮನೆಯವರು ಎಣಿಸುತ್ತಾರೆ. ನಮ್ಮ ಮನೆಯವರೂ ಎಣಿಸಿದರು. ಕೆಲವು ವಾರ ನೋವು ಬಂದು ಹೋಗಿ ಮಾಡಿತು, ಆಮೇಲೆ ಪೂರ್ತಿ ನಿಂತಿತು. ಎಲ್ಲರಿಗೂ ಸಮಾಧಾನ. ನಿಜಕ್ಕೂ ಆಗಿದ್ದೇನೆಂದರೆ ತಿರುಳು ಸತ್ತಿತ್ತು. ಸತ್ತ ನರ ನೋಯುವುದಿಲ್ಲ, ಆದರೆ ಸೋಂಕು ಬೇರಿನ ತುದಿ ದಾಟಿ ಮೂಳೆಗೆ ಇಳಿಯುತ್ತಲೇ ಇರುತ್ತದೆ. ಮುಂದಿನ ವರ್ಷ ಕೆನ್ನೆ ಊದಿ, ಕೀವಾಗಿ, ಹಲ್ಲು ಕೀಳಿಸಬೇಕಾಯಿತು. ನೋವಿದ್ದಾಗಲೇ ಹೋಗಿದ್ದರೆ ಅದು ಬಹುಶಃ ಇಂದಿಗೂ ಬಾಯಲ್ಲಿರುತ್ತಿತ್ತು.

ಆದ್ದರಿಂದ ಲವಂಗ ಇಟ್ಟ ರಾತ್ರಿಯ ಮರುದಿನವೇ, ನೋವು ಇರಲಿ ಇಲ್ಲದಿರಲಿ, ದಂತವೈದ್ಯರಿಗೆ ಬಾಯಿ ತೋರಿಸಿ. ಊತ ದವಡೆಯ ಕೆಳಗೆ, ಕುತ್ತಿಗೆಗೆ ಇಳಿದರೆ, ಜ್ವರ ಬಂದು ಬಾಯಿ ತೆರೆಯಲು, ಎಂಜಲು ನುಂಗಲು ಕಷ್ಟವಾದರೆ, ನಾಲಿಗೆ ಮೇಲಕ್ಕೆ ಒತ್ತಿದಂತಾದರೆ ಉಸಿರಾಟದ ದಾರಿಯೇ ಮುಚ್ಚಿಹೋಗಬಹುದು. ಆಗ ಬೆಳಗಾಗುವುದನ್ನೂ ಕಾಯದೆ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಹೊರಡಬೇಕು.