ವಿಮಾನಕ್ಕೂ ಬೇಕು ಒಂದು ಬೀರೂರು ಜಂಕ್ಷನ್!

ಅಜ್ಜಂಪುರದಿಂದ ತರೀಕೆರೆಗೆ ರೈಲಿನಲ್ಲೇ ಹೋಗ್ತೀನಿ ಅಂತ ಯಾರಾದರೂ ಹಟ ಹಿಡಿದರೆ ಮೊದಲು ಬೀರೂರಿಗೆ ಬರಬೇಕು, ಅಲ್ಲಿ ಇಳಿದು ಶಿವಮೊಗ್ಗದ ರೈಲು ಹತ್ತಬೇಕು. ಇದೇನಪ್ಪಾ ಸುತ್ತು ಎನ್ನುವವರಿಗೆ ಒಂದು ಮಾತು: ವಿಮಾನ ಹತ್ತಿದರೂ ಸುತ್ತು ತಪ್ಪದು.

ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿ 27ರಂದು. ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂದಿಳಿಯಿತು. ಇನ್ನೇನು, ಶಿವಮೊಗ್ಗದಲ್ಲಿ ಹತ್ತಿ ದುಬೈನಲ್ಲಿ ಇಳಿಯೋದೇ ಎಂದುಕೊಂಡವರುಂಟು. ಇಳಿಯಬಹುದು, ಆದರೆ ನಡುವೆ ಬೆಂಗಳೂರಿನಲ್ಲೊಮ್ಮೆ ಇಳಿದು ಹತ್ತಿ!

ಕಾರಣ ಅಂಗಡಿಯವರಿಗೆ ಚೆನ್ನಾಗಿ ಗೊತ್ತು. ಸೋಪು, ಬಿಸ್ಕತ್ತು, ಬೆಂಕಿಪೊಟ್ಟಣದ ಕಂಪನಿಗಳೆಲ್ಲ ಪ್ರತಿ ಅಂಗಡಿಗೂ ಬೇರೆ ಬೇರೆ ಲಾರಿ ಕಳಿಸಿದರೆ ಡೀಸೆಲ್ ಕಾಸೂ ಹುಟ್ಟುವುದಿಲ್ಲ. ಸರಕು ಹೋಲ್‌ಸೇಲ್ ಮಳಿಗೆಗೆ ಬಂದು ಅಲ್ಲಿಂದ ಹಂಚಿಕೆಯಾಗಬೇಕು. ವಿಮಾನ ಕಂಪನಿಗಳ ಲೆಕ್ಕವೂ ಇದೇ. ಹತ್ತು ಊರುಗಳನ್ನು ಒಂದಕ್ಕೊಂದು ನೇರ ಜೋಡಿಸಲು 45 ಮಾರ್ಗ ಬೇಕು. ಅವುಗಳಲ್ಲೇ ಒಂದನ್ನು ಜಂಕ್ಷನ್ ಮಾಡಿಕೊಂಡರೆ 9 ಸಾಕು. ಇಂಥ ನಿಲ್ದಾಣಕ್ಕೆ 'ಹಬ್' ಎಂದು ಹೆಸರು. 1978ರಲ್ಲಿ ಅಮೆರಿಕ ಸರ್ಕಾರ ವಿಮಾನ ಮಾರ್ಗ, ದರಗಳ ಮೇಲಿನ ಹಿಡಿತ ಸಡಿಲಿಸಿದ ಮೇಲೆ ಅಲ್ಲಿನ ಕಂಪನಿಗಳು ಈ ಪದ್ಧತಿಗೆ ಮುಗಿಬಿದ್ದವು.

ಶಿವಮೊಗ್ಗದಿಂದ ದಿನಾ ದುಬೈಗೆ ಹೋಗುವವರಿಂದಲೇ ವಿಮಾನ ತುಂಬೀತೇ? ಆದರೆ ದುಬೈ, ಲಂಡನ್, ಕೋಲ್ಕತ್ತದವರೆಲ್ಲ ಒಂದೇ ವಿಮಾನದಲ್ಲಿ ಬೆಂಗಳೂರಿಗೆ ಬಂದರೆ ಸೀಟು ತುಂಬುತ್ತದೆ. ಸಣ್ಣ ಊರಿಗೂ ವಿಮಾನ ಗಿಟ್ಟುತ್ತದೆ.

ಫಜೀತಿ ಇರುವುದು ವೇಳೆಯಲ್ಲಿ. ಬರುವ ವಿಮಾನಗಳನ್ನು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಇಳಿಸಿ, ಜನ ಬದಲಾಗಲು ಬಿಡುವು ಕೊಟ್ಟು, ಹೋಗುವವನ್ನು ಒಟ್ಟಿಗೆ ಬಿಡುವುದೇ ಹಬ್‌ನ ಗುಟ್ಟು. ಮೊದಲನೆಯದು ತಡವಾದರೆ ಎರಡನೆಯದು ಕೈತಪ್ಪಿತು! ಬೀರೂರು ಪ್ಲಾಟ್‌ಫಾರಂನಲ್ಲಿ ಕಾದವರಿಗೆ ಇದನ್ನು ಹೇಳಿಕೊಡಬೇಕೇ? ಆದ್ದರಿಂದ ಎರಡೂ ವಿಮಾನಕ್ಕೆ ಸೇರಿಸಿ ಒಂದೇ ಟಿಕೆಟ್ ಮಾಡಿಸಿ. ಆಗ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಕಂಪನಿಯದು. ಬೇರೆ ಬೇರೆ ಕೊಂಡರೆ ನಷ್ಟ ನಿಮ್ಮದೇ.

ಕಡೂರಿನವರಿಗೆ ಇನ್ನೊಂದು ಲೆಕ್ಕವಿದೆ. ಉತ್ತರಕ್ಕೆ ಶಿವಮೊಗ್ಗದವರೆಗೆ ಹೋಗಿ, ಅಲ್ಲಿಂದ ಬೆಂಗಳೂರಿಗೆ ಹಾರುವುದೋ? ಇಲ್ಲಾ ನೇರ ರೈಲಿನಲ್ಲಿ ಬೆಂಗಳೂರಿಗಿಳಿದು ದೇವನಹಳ್ಳಿಯ ಬಸ್ಸು ಹಿಡಿಯುವುದೋ? ತರೀಕೆರೆಯವರಿಗೆ ಶಿವಮೊಗ್ಗವೇ ಹತ್ತಿರ. ಆದರೆ ನಿಲ್ದಾಣ ಹತ್ತಿರವಿದ್ದರೆ ಸಾಲದು, ವಿಮಾನದ ಹೊತ್ತಿಗೆ ಹೊಂದುವ ಬಸ್ಸೂ ಬೇಕು. ನಮ್ಮ ಊರುಗಳು ಒತ್ತಾಯ ಮಾಡಿ ಕೇಳಬೇಕಾದದ್ದು ಅದನ್ನೇ. ಇಲ್ಲದಿದ್ದರೆ ಬೆಂಗಳೂರಿಗೆ ಹಬ್, ಟ್ಯಾಕ್ಸಿಯವರಿಗೆ ಹಬ್ಬ!