ಮಹಾಪೂರಕ್ಕೆ ಮೊದಲು ಬೋಟಿನ ಟ್ಯಾಂಕು ನೋಡಿ

ಮಳೆಗಾಲ ಹತ್ತಿರವಾಗುತ್ತಿದ್ದಂತೆ ನನ್ನ ಗ್ಯಾರೇಜಿಗೆ ಬರುವ ಬೋಟ್ ಇಂಜಿನ್ನುಗಳದ್ದು ಹೆಚ್ಚಾಗಿ ಒಂದೇ ತಕರಾರು. ಹೋದ ಸಲ ಹೊಳೆ ಇಳಿದಾಗ ಚೆನ್ನಾಗಿಯೇ ಓಡುತ್ತಿತ್ತು, ಈಗ ಹಗ್ಗ ಎಳೆದೆಳೆದು ರಟ್ಟೆ ಸೋತರೂ ಚಾಲೂ ಆಗುತ್ತಿಲ್ಲ. ಬೆಳಗಾವಿ ಜಿಲ್ಲೆಯ ಅಂಕಲಿಯಲ್ಲಿ ಮೋಟರ್‌ಸೈಕಲ್ಲು, ಪಂಪ್‌ಸೆಟ್ಟು, ಬೆಳೆಗೆ ಎಣ್ಣೆ ಹೊಡೆಯುವ ಪಂಪುಗಳ ಜೊತೆ ಈ ಔಟ್‌ಬೋರ್ಡ್ ಇಂಜಿನ್ನುಗಳನ್ನೂ ಬಿಚ್ಚಿ ಜೋಡಿಸುವುದು ನನ್ನ ಕಸುಬು.

ನಮ್ಮ ಕಡೆ ಬೋಟ್ ಯಾರ ಶೋಕಿಯೂ ಅಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ಒಟ್ಟಿಗೇ ಏರುತ್ತವೆ. ಕಲ್ಲೋಳ–ಯಡೂರ, ಕಾರದಗಾ–ಭೋಜ, ಸಿದ್ನಾಳ–ಅಕ್ಕೋಳ, ಜತ್ರಾಟ–ಭೀವಶಿ ಹೀಗೆ ಚಿಕ್ಕೋಡಿ, ನಿಪ್ಪಾಣಿ ತಾಲ್ಲೂಕುಗಳ ಕೆಳಮಟ್ಟದ ಸೇತುವೆಗಳು ಒಂದರ ಹಿಂದೆ ಒಂದು ಮುಳುಗುತ್ತವೆ. ಕಾಗವಾಡದ ಜುಗೂಳ, ಮಂಗಾವತಿ, ರಾಯಬಾಗದ ಕುಡಚಿ, ಅಥಣಿಯ ಸಪ್ತಸಾಗರ, ನದಿ ಇಂಗಳಗಾಂವ ಕಡೆಯ ತೋಟದ ಮನೆಗಳವರಿಗೆ ಆಗ ಬೋಟೇ ದಾರಿ. 2005, 2019, 2021ರ ಮಹಾಪೂರ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪೂರದ ಆ ಕೆಲವು ವಾರ ಬಿಟ್ಟರೆ ವರ್ಷದ ಉಳಿದ ದಿನ ಬೋಟಿನ ಇಂಜಿನ್ ಗೋದಾಮಿನ ಮೂಲೆಯಲ್ಲಿರುತ್ತದೆ. ಅದರ ಟ್ಯಾಂಕಿನಲ್ಲಿ ಹಳೇ ಪೆಟ್ರೋಲೂ ಇರುತ್ತದೆ. ತೊಂದರೆ ಇರುವುದು ಅಲ್ಲೇ.

ಈಗಿನ ಪೆಟ್ರೋಲ್ ಮೊದಲಿನ ಪೆಟ್ರೋಲ್ ಅಲ್ಲ. 2003ರಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಲ್ಲಿ ಶೇ 5ರಷ್ಟು ಎಥೆನಾಲ್ ಬೆರೆಸಲು ಶುರು ಮಾಡಿದರು. 2022ರ ಹೊತ್ತಿಗೆ ಅದು ದೇಶದಲ್ಲಿ ಶೇ 10 ಆಯಿತು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಶೇ 20ರ ಪೆಟ್ರೋಲ್, ಅಂದರೆ ಇ20, ಬಿಡುಗಡೆಯಾಯಿತು. ಈಗ ಸಾಮಾನ್ಯ ಪಂಪುಗಳಲ್ಲಿ ಸಿಗುವುದು ಅದೇ.

ಆ ಎಥೆನಾಲಿನ ಒಂದು ಪಾಲು ಬರುವುದು ನಮ್ಮ ಹೊಲದ ಕಬ್ಬಿನಿಂದಲೇ. 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ಸ್‌ನಿಂದ ಹಿಡಿದು ನಮ್ಮ ಕಡೆಯ ಹಲವು ಕಾರ್ಖಾನೆಗಳು ಸಕ್ಕರೆಯ ಜೊತೆ ಡಿಸ್ಟಿಲರಿಯನ್ನೂ ನಡೆಸುತ್ತವೆ. ಕಾಕಂಬಿಯಿಂದಲೂ ಎಥೆನಾಲ್ ತೆಗೆಯುತ್ತಾರೆ, ನೇರ ಕಬ್ಬಿನ ಹಾಲಿನಿಂದಲೂ ತೆಗೆಯುತ್ತಾರೆ. ಒಂದು ಟನ್ ಕಬ್ಬು ಅರೆದು ಬಂದ ಹಾಲಿಗೆ ಸುಮಾರು 70 ಲೀಟರ್ ಎಥೆನಾಲ್ ಸಿಗುತ್ತದೆ. ಕಾರ್ಖಾನೆಗೆ ಸಕ್ಕರೆಯ ಹೊರತಾಗಿ ಇನ್ನೊಂದು ಗಿರಾಕಿ ಸಿಕ್ಕರೆ ನಮ್ಮ ಕಬ್ಬಿನ ಬಿಲ್ಲಿಗೆ ಒಳ್ಳೆಯದೇ. ನಾನೂ ಕಬ್ಬು ಬೆಳೆಯುವ ಮನೆಯವನು, ಎಥೆನಾಲಿಗೆ ವಿರೋಧಿಯಲ್ಲ. ಆದರೆ ಅದರ ಸ್ವಭಾವ ತಿಳಿಯದೆ ಬೋಟಿಗೆ ಹಾಕಿ ವರ್ಷಗಟ್ಟಲೆ ಇಡಬಾರದು.

ಒಮ್ಮೆ ನದಿ ದಂಡೆಯ ಹಿರಿಯರೊಬ್ಬರು ಇಂಜಿನ್ ಹೊತ್ತು ತಂದರು.

“ಮಿಸ್ತ್ರಿ, ಪ್ಲಗ್ ಹೊಸಾದು ಹಾಕೀನಿ. ಆದ್ರೂ ಚಾಲೂ ಆಗವಲ್ದು ನೋಡಪಾ.”

“ಟಾಕ್ಯಾಗ ಯಾವಾಗಿನ ಪೆಟ್ರೋಲ್ ಐತ್ರಿ, ಕಾಕಾ?”

“ಹ್ವಾದ ಮಹಾಪೂರದಾಗ ಹಾಕಿದ್ದು. ಚೆಲ್ಲೂದ್ ಯಾಕಂತ ಹಂಗ ಇಟ್ಟೀನಿ.”

ಟ್ಯಾಂಕಿನ ತಳದ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಸುರಿದು ಬೆಳಕಿಗೆ ಹಿಡಿದೆ. ಮೇಲೆ ಕಿತ್ತಳೆ ಬಣ್ಣ, ಕೆಳಗೆ ಮಬ್ಬು ನೀರಿನಂಥದ್ದು, ನಡುವೆ ಗೆರೆ ಎಳೆದಂತೆ ಸ್ಪಷ್ಟ ಗಡಿ. ಬಾಟಲಿ ಅಲುಗಿಸಿ ಇಟ್ಟರೂ ಸ್ವಲ್ಪ ಹೊತ್ತಿಗೆ ಮತ್ತೆ ಎರಡು ಪದರ.

ಆಗುವುದು ಇಷ್ಟು. ಬರೀ ಪೆಟ್ರೋಲಿಗೂ ನೀರಿಗೂ ಆಗಿಬರುವುದಿಲ್ಲ, ಎಥೆನಾಲಿಗೆ ಮಾತ್ರ ಎರಡರ ಸ್ನೇಹವೂ ಉಂಟು. ನೀರು ಸ್ವಲ್ಪವಿದ್ದರೆ ಎಥೆನಾಲ್ ಅದನ್ನು ಪೆಟ್ರೋಲಿನೊಳಗೇ ಕರಗಿಸಿಕೊಳ್ಳುತ್ತದೆ. ಶೇ 10 ಎಥೆನಾಲ್ ಇರುವ 10 ಲೀಟರ್ ಪೆಟ್ರೋಲಿನಲ್ಲಿ ಸುಮಾರು 50 ಮಿಲಿ ನೀರು ಹೀಗೆ ಅಡಗಬಲ್ಲದು. ಇ20ಯಲ್ಲಿ ಇನ್ನೂ ಹೆಚ್ಚು. ಆ ಮಿತಿ ದಾಟಿದರೆ, ಅಥವಾ ಮಿತಿಯ ಹತ್ತಿರವಿದ್ದಾಗ ರಾತ್ರಿ ತಂಪಾದರೆ, ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. 20 ಲೀಟರ್ ಇ20ಯಲ್ಲಿ 4 ಲೀಟರ್ ಎಥೆನಾಲೇ ಇರುತ್ತದೆ. ಅದರಲ್ಲಿ ಬಹುಪಾಲು ನೀರಿನೊಂದಿಗೆ ತಳದಲ್ಲಿ ಕೂತರೆ ಏನಾಗಬೇಡ? ಇಂಜಿನ್ನಿಗೆ ಪೆಟ್ರೋಲ್ ಎಳೆಯುವ ನಳಿಕೆ ಇರುವುದೂ ತಳದಲ್ಲೇ.

ಟೂ ಸ್ಟ್ರೋಕ್ ಇಂಜಿನ್ನಿಗೆ ಇದು ಇನ್ನೂ ಕೆಟ್ಟದ್ದು. ಪೆಟ್ರೋಲಿಗೆ ಬೆರೆಸಿದ ಆಯಿಲ್ ಮೇಲಿನ ಪದರದಲ್ಲೇ ಉಳಿಯುತ್ತದೆ. ಕೆಳಗಿನ ನೀರು-ಎಥೆನಾಲ್ ಒಳಗೆ ಹೋಗಿ ಇಂಜಿನ್ ಹೇಗೋ ಉರಿದರೂ ಪಿಸ್ಟನ್ನಿಗೆ ಜಿಡ್ಡೇ ಇರುವುದಿಲ್ಲ. ಸೆಳವಿನ ನಡುವೆ, ಜನ ತುಂಬಿದ ಬೋಟಿನಲ್ಲಿ ಪಿಸ್ಟನ್ ಜಾಮ್ ಆಗುವುದನ್ನು ನೆನೆದರೇ ನನಗೆ ಎದೆ ಝಲ್ಲೆನ್ನುತ್ತದೆ.

ನೀರು ಎಲ್ಲಿಂದ ಬಂತು ಎಂದು ಎಲ್ಲರೂ ಕೇಳುತ್ತಾರೆ. ಗಾಳಿಯ ತೇವ ಟ್ಯಾಂಕಿನ ಗಾಳಿಕಂಡಿಯಿಂದ ಒಳಗೆ ಹೋಗುವುದು ನಿಜ, ಆದರೆ ಅದು ನಿಧಾನ. ನಾನು ಕಂಡಂತೆ ಹೆಚ್ಚು ನೀರು ಸೇರುವುದು ಸಡಿಲ ಮುಚ್ಚಳದಿಂದ, ಮಳೆಯಲ್ಲಿ ತೆರೆದು ಸುರಿಯುವಾಗ, ತೊಳೆದು ಒಣಗಿಸದ ಕ್ಯಾನಿನಿಂದ.

ಎರಡು ಪದರವಾಗದಿದ್ದರೂ ತಪ್ಪಿಸಿಕೊಂಡೆವು ಎನ್ನುವಂತಿಲ್ಲ. ಕಾರ್ಬುರೇಟರ್‌ನಲ್ಲಿ ಉಳಿದ ಪೆಟ್ರೋಲ್ ಆರಿ ಅಂಟಾಗಿ ಜೆಟ್ಟಿನ ಸೂಜಿಗಣ್ಣಿನಷ್ಟು ತೂತನ್ನು ಮುಚ್ಚುತ್ತದೆ. ತೇವ ಹಿಡಿದ ಎಥೆನಾಲ್ ಅಲ್ಯೂಮಿನಿಯಂ ಬಟ್ಟಲಲ್ಲಿ ಬಿಳಿ ಪುಡಿ ಎಬ್ಬಿಸುತ್ತದೆ. ಹಳೇ ರಬ್ಬರ್ ಪೈಪು ಉಬ್ಬಿ ಮೆತ್ತಗಾಗುತ್ತದೆ, ಆಮೇಲೆ ಬಿರಿಯುತ್ತದೆ. ಅಮೆರಿಕದಲ್ಲಿ ಕೆಲವು ಹಳೆಯ ಬೋಟುಗಳ ಫೈಬರ್ ಟ್ಯಾಂಕಿನ ರಾಳವನ್ನೇ ಎಥೆನಾಲ್ ಕರಗಿಸಿ, ಅದು ಇಂಜಿನ್ನಿನ ವಾಲ್ವುಗಳಿಗೆ ಕಪ್ಪಗೆ ಮೆತ್ತಿಕೊಂಡಿತ್ತು. ಶೇ 15ರ ಪೆಟ್ರೋಲಿಗೆ ಅಲ್ಲಿ ಕಾರುಗಳಿಗೆ ಅನುಮತಿ ಕೊಟ್ಟಾಗಲೂ ಬೋಟ್ ಇಂಜಿನ್ನುಗಳನ್ನು ಹೊರಗಿಟ್ಟರು. ಯಮಹಾ, ಮರ್ಕ್ಯುರಿ ಕಂಪನಿಗಳೂ ಔಟ್‌ಬೋರ್ಡ್‌ಗಳಿಗೆ ಶೇ 10ನ್ನೇ ಮಿತಿಯಾಗಿ ಹೇಳುತ್ತ ಬಂದಿವೆ. ನಿಮ್ಮ ಇಂಜಿನ್ನಿನ ಪುಸ್ತಕದಲ್ಲಿ ಏನಿದೆ ಎಂದು ಮೊದಲು ನೋಡಿ.

ಪೆಟ್ರೋಲಿಗೆ ನೀರು ಹಾಕಿ ಅಲುಗಿಸಿ, ಎಥೆನಾಲ್ ಇಳಿದ ಮೇಲೆ ಮೇಲಿನದನ್ನು ಬಸಿದು ಬಳಸುವ ಉಪಾಯವನ್ನು ಕೆಲವರು ಹೇಳುತ್ತಾರೆ. ದಯವಿಟ್ಟು ಮಾಡಬೇಡಿ. ಎಥೆನಾಲ್ ಹೋದರೆ ಅದು ಕೊಡುತ್ತಿದ್ದ ಆಕ್ಟೇನ್ ಕೂಡ ಹೋಗುತ್ತದೆ, ಇಂಜಿನ್ ಬಡಿಯತೊಡಗುತ್ತದೆ. ಬೇರೆಯಾದ ಪೆಟ್ರೋಲನ್ನು ಮತ್ತೆ ಕೂಡಿಸುವ ಔಷಧವೂ ಇಲ್ಲ.

ಮಾಡಬೇಕಾದ್ದು ಸರಳ. ಹೊಳೆ ಇಳಿದು ಬೋಟ್ ದಂಡೆಗೆ ಬಂದ ಮೇಲೆ, ಇಂಜಿನ್ನಿಗೆ ತಂಪಿನ ನೀರು ಹೋಗುತ್ತಿರುವಾಗಲೇ ಪೆಟ್ರೋಲ್ ಪೈಪು ಬಿಚ್ಚಿ, ತಾನಾಗಿ ಬಂದ್ ಆಗುವವರೆಗೆ ಓಡಿಸಿ. ಕಾರ್ಬುರೇಟರ್ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಉಳಿದದ್ದನ್ನೂ ಬಸಿಯಿರಿ. ಟ್ಯಾಂಕಿನ ಪೆಟ್ರೋಲ್ ಇನ್ನೂ ತಾಜಾ ಇದ್ದು ಆಯಿಲ್ ಬೆರೆಸಿರದಿದ್ದರೆ ಅಂದೇ ಮೋಟರ್‌ಸೈಕಲ್ಲಿಗೆ ಹಾಕಿ ಮುಗಿಸಿ. ಟ್ಯಾಂಕನ್ನು ಒಣಗಿಸಿ ಮುಚ್ಚಳ ಬಿಗಿ ಮಾಡಿ ಇಡಿ. ಟ್ಯಾಂಕಿಗೂ ಇಂಜಿನ್ನಿಗೂ ನಡುವೆ ನೀರು ಬೇರ್ಪಡಿಸುವ, ಪಾರದರ್ಶಕ ಬಟ್ಟಲಿನ ಫಿಲ್ಟರ್ ಹಾಕಿಸಿದರೆ ನೀರು ಕೂತದ್ದು ಕಣ್ಣಿಗೇ ಕಾಣುತ್ತದೆ. ಆದರೆ ಕರಗಿದ ನೀರನ್ನು ಅದು ಹಿಡಿಯದು. ಕಬ್ಬಿನ ಹೊಲದ ಪೆಟ್ರೋಲ್ ವೀಡರ್, ಸ್ಪ್ರೇಯರ್‌ಗಳಿಗೂ ಹಂಗಾಮು ಮುಗಿದಾಗ ಟ್ಯಾಂಕು, ಕಾರ್ಬುರೇಟರ್ ಖಾಲಿ ಮಾಡುವ ಈ ಪಾಠವೇ ಸಾಕು.

ಮಹಾಪೂರದ ಪೂರ್ವಸಿದ್ಧತೆಗೆ ಸಭೆ ಸೇರುವ ಅಧಿಕಾರಿಗಳಿಗೆ, ಗ್ರಾಮ ಪಂಚಾಯಿತಿಯವರಿಗೆ ನನ್ನದೊಂದು ವಿನಂತಿ. ಬೋಟ್ ಎಷ್ಟಿವೆ ಎಂದು ಪಟ್ಟಿಯಲ್ಲಿ ಬರೆದರೆ ಸಾಲದು. ಜೂನ್ ಮೊದಲ ವಾರದಲ್ಲೇ ಹಳೇ ಪೆಟ್ರೋಲ್ ಬಸಿದು, ಹೊಸದು ಹಾಕಿ, ಪ್ರತಿ ಇಂಜಿನ್ನನ್ನೂ ನೀರಿಗಿಳಿಸಿ ಅರ್ಧ ಗಂಟೆ ಓಡಿಸಿ ನೋಡಿ.